900 ಕೋಟಿಯ ಲೀಗ್, 30 ಲಕ್ಷದ ಜಗಳ: 2012ರ ಎನ್‌ಎಫ್‌ಎಲ್ ರೆಫರಿ ಬೀಗಮುದ್ರೆ

ಅಮೆರಿಕನ್ನರ ಫುಟ್‌ಬಾಲ್ ನಮ್ಮ ಫುಟ್‌ಬಾಲ್ ಅಲ್ಲ. ಚೆಂಡನ್ನು ಕೈಯಲ್ಲಿ ಎಸೆದು, ಹಿಡಿದು, ಎದುರಾಳಿಯನ್ನು ಗುದ್ದಿಕೊಂಡು ಗಜ ಗಜವಾಗಿ ಮುಂದೆ ಸಾಗುವ ಆಟ ಅದು. ಅದರ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ 2012ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೀಗ್‌ಗೂ ರೆಫರಿಗಳಿಗೂ ನಡೆದ ಸಂಬಳದ ಜಗಳವನ್ನು, ಆಗ ಬದಲಿ ರೆಫರಿಗಳಿಂದ ಆದ ತಪ್ಪುಗಳನ್ನು ಇಲ್ಲಿ ಪ್ರಕರಣವಾಗಿ ಎತ್ತಿಕೊಂಡಿದೆ. ಲೀಗ್, ತಂಡ, ದಿನಾಂಕ, ಅಂಕ ಎಲ್ಲವೂ ಸಾರ್ವಜನಿಕ ದಾಖಲೆಯಲ್ಲಿ ಇರುವಂಥವು. ಮೈದಾನದಲ್ಲಿ ಸೀಟಿ ಊದಿದವರನ್ನೂ ಆಡಿದವರನ್ನೂ ಅವರ ಹುದ್ದೆಯಿಂದಷ್ಟೇ ಕರೆದಿದೆ, ಹೆಸರು ಹಾಕಿಲ್ಲ. ತಪ್ಪು ಮಾಡಿದವರ ಪೈಕಿ ಬಹುತೇಕರು ಕೆಲವೇ ವಾರ ಆ ಕೆಲಸದಲ್ಲಿದ್ದು ಮನೆಗೆ ಮರಳಿದವರು. ತಪ್ಪು ಹೇಗಾಯಿತು ಎಂದು ತಿಳಿಯಲು ಅವರ ಹೆಸರು ಬೇಕಾಗಿಯೂ ಇಲ್ಲ.

ಹಿನ್ನೆಲೆ

ಎನ್‌ಎಫ್‌ಎಲ್ ಪಂದ್ಯವೊಂದಕ್ಕೆ ಏಳು ಜನ ಅಧಿಕಾರಿಗಳು ಬೇಕು. ಬಿಳಿ ಟೋಪಿ ಹಾಕಿದ ಒಬ್ಬರೇ ಹೆಸರಿಗೆ ತಕ್ಕ ರೆಫರಿ. ಅಂಪೈರ್, ಹೆಡ್ ಲೈನ್ಸ್‌ಮನ್ (2017ರಿಂದ ಡೌನ್ ಜಡ್ಜ್), ಲೈನ್ ಜಡ್ಜ್, ಫೀಲ್ಡ್ ಜಡ್ಜ್, ಸೈಡ್ ಜಡ್ಜ್, ಬ್ಯಾಕ್ ಜಡ್ಜ್ ಉಳಿದ ಆರು ಮಂದಿ. ಮಾತಿನ ಬಳಕೆಯಲ್ಲಿ ಎಲ್ಲರೂ ರೆಫರಿಗಳೇ. 32 ತಂಡ, ವಾರಕ್ಕೆ 16 ಪಂದ್ಯ ಎಂದರೆ ಒಂದು ವಾರಾಂತ್ಯ ದಾಟಿಸಲು 112 ಮಂದಿ. ಆಗ ರೆಫರಿಗಳ ಸಂಘದಲ್ಲಿ ಇದ್ದವರು ಸುಮಾರು 120 ಜನ. ಇವರೆಲ್ಲ ಅರೆಕಾಲಿಕರು. ವಾರದ ದಿನಗಳಲ್ಲಿ ವಕೀಲಿಯೋ ಮೇಷ್ಟ್ರ ಕೆಲಸವೋ ವ್ಯಾಪಾರವೋ ಮಾಡಿಕೊಂಡು, ವಾರದ ಕೊನೆಗೆ ವಿಮಾನ ಹತ್ತಿ ಪಂದ್ಯಕ್ಕೆ ಹೋಗುವವರು. 2011ರಲ್ಲಿ ಇವರ ಸರಾಸರಿ ಗಳಿಕೆ 1,49,000 ಡಾಲರ್ ಇತ್ತು.

ಅರೆಕಾಲಿಕ ಕೆಲಸಕ್ಕೆ ಇದು ಕೈತುಂಬ ಸಂಬಳವೇ. ಜನರಿಗೂ ಮೊದಲು ಹಾಗೇ ಅನ್ನಿಸಿದ್ದು, ಲೀಗ್ ನೆಚ್ಚಿಕೊಂಡಿದ್ದೂ ಅದನ್ನೇ.

ಹಳೆಯ ಒಪ್ಪಂದ 2012ರ ಮೇ ಕೊನೆಗೆ ಮುಗಿಯಿತು. ಹೊಸದರ ಮಾತುಕತೆ ಮುರಿದುಬಿದ್ದು, ಜೂನ್‌ನಲ್ಲಿ ಲೀಗ್ ಬೀಗಮುದ್ರೆ (ಲಾಕೌಟ್) ಘೋಷಿಸಿತು. ರೆಫರಿಗಳು ಮುಷ್ಕರ ಹೂಡಿದರು ಎಂದು ಆಮೇಲೆ ಬಹಳ ಕಡೆ ಬರೆದದ್ದು ತಪ್ಪು. ಕೆಲಸಕ್ಕೆ ಬರುತ್ತೇವೆ ಎಂದವರನ್ನು ಹೊರಗೆ ನಿಲ್ಲಿಸಿದ್ದು ಮಾಲೀಕರು. ಅದರ ಹಿಂದಿನ ವರ್ಷವಷ್ಟೇ ಇದೇ ಮಾಲೀಕರು ಆಟಗಾರರಿಗೂ ಬೀಗಮುದ್ರೆ ಹಾಕಿ, ಜುಲೈ ಕೊನೆಗೆ ಒಪ್ಪಂದಕ್ಕೆ ತಂದಿದ್ದರು. ಆಯುಧ ಕೈಗೆ ಪಳಗಿತ್ತು.

ಜಗಳದ ಗಂಟು

ಮೇಲುನೋಟಕ್ಕೆ ಸಂಬಳದ ಜಗಳ. ಒಳಗಿನ ಗಂಟು ಪಿಂಚಣಿ. ನಿವೃತ್ತಿಯಾದ ಮೇಲೆ ಇಷ್ಟು ಎಂದು ಖಚಿತವಾಗಿ ಸಿಗುವ ಹಳೆಯ ಪದ್ಧತಿಯನ್ನು ತೆಗೆದು, ಪ್ರತಿ ವರ್ಷ ಖಾತೆಗೆ ಇಂತಿಷ್ಟು ಹಾಕುತ್ತೇವೆ, ಮಾರುಕಟ್ಟೆಯಲ್ಲಿ ಅದು ಬೆಳೆದಷ್ಟು ನಿಮ್ಮದು ಎನ್ನುವ 401(ಕೆ) ಪದ್ಧತಿಗೆ ಎಲ್ಲರನ್ನೂ ಬದಲಿಸಬೇಕೆಂದು ಲೀಗ್ ಪಟ್ಟು ಹಿಡಿಯಿತು. ನಮ್ಮ ಓಪಿಎಸ್–ಎನ್‌ಪಿಎಸ್ ಜಗಳ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2006ರ ಏಪ್ರಿಲ್ 1ರ ನಂತರ ಕೆಲಸಕ್ಕೆ ಸೇರಿದ ಕರ್ನಾಟಕದ ಸರ್ಕಾರಿ ನೌಕರರು ಎತ್ತಿದ ಪ್ರಶ್ನೆಯೂ ಇದೇ: ಮಾರುಕಟ್ಟೆ ಬಿದ್ದರೆ ನಷ್ಟ ಯಾರ ತಲೆಗೆ?

ಎರಡನೆಯದು, ಹೆಚ್ಚುವರಿ ಜನ. ಮೂರು ತಂಡಗಳಷ್ಟು, ಅಂದರೆ 21 ಹೊಸ ಅಧಿಕಾರಿಗಳನ್ನು ಸೇರಿಸಿಕೊಂಡು, ಸರಿಯಾಗಿ ಕೆಲಸ ಮಾಡದವರನ್ನು ಬೆಂಚಿನ ಮೇಲೆ ಕೂರಿಸುವ ಅಧಿಕಾರ ಬೇಕೆಂದು ಲೀಗ್ ಕೇಳಿತು. ಕೆಲವರನ್ನು ಪೂರ್ಣಾವಧಿಗೆ ತೆಗೆದುಕೊಳ್ಳುವ ಮಾತೂ ಇತ್ತು. ಈ ಬೇಡಿಕೆಯಲ್ಲಿ ಹುರುಳಿಲ್ಲ ಎನ್ನಲಾಗದು. ತೀರ್ಪಿನ ಗುಣಮಟ್ಟ ಹೆಚ್ಚಬೇಕಾದರೆ ಹಿಂದೊಂದು ಸಾಲು ತಯಾರಿರಲೇಬೇಕು. ಆದರೆ ಪಿಂಚಣಿ ಕಿತ್ತುಕೊಳ್ಳುವ ಪ್ರಸ್ತಾವದ ಜೊತೆಗೇ ಇದೂ ಬಂದದ್ದರಿಂದ ರೆಫರಿಗಳಿಗೆ ಅದು ತಮ್ಮನ್ನು ಹೊರಹಾಕುವ ಹೂಟದಂತೆ ಕಂಡಿತು.

ಹಣದ ಅಂತರ ಎಷ್ಟಿತ್ತು? ಆಗ ವರದಿಯಾದಂತೆ ವರ್ಷಕ್ಕೆ ಸುಮಾರು 30 ಲಕ್ಷ ಡಾಲರ್. ಲೀಗ್‌ನ ವಾರ್ಷಿಕ ಆದಾಯ 900 ಕೋಟಿ ಡಾಲರ್ ಆಸುಪಾಸು. ಆಗಿನ 256 ಲೀಗ್ ಪಂದ್ಯಗಳಿಗೆ ಹಂಚಿದರೆ ಪಂದ್ಯಕ್ಕೆ 12,000 ಡಾಲರ್ ಕೂಡ ಬೀಳುವುದಿಲ್ಲ. ಹಾಗಾದರೆ ಪಟ್ಟು ಹಣಕ್ಕಾಗಿ ಅಲ್ಲ. ತನ್ನ ಕಚೇರಿಯ ನೌಕರರಿಗೇ ಇಲ್ಲದ ಪಿಂಚಣಿಯನ್ನು ಅರೆಕಾಲಿಕರಿಗೆ ಯಾಕೆ ಕೊಡಬೇಕು ಎಂಬ ತತ್ವಕ್ಕಾಗಿ ಲೀಗ್ ಹಟ ಹಿಡಿದಿತ್ತು. ತತ್ವದ ಮಾತಿನಲ್ಲಿ ನ್ಯಾಯವಿತ್ತು, ಆದರೆ ಅದರ ಬೆಲೆಯನ್ನು ಯಾರೂ ಲೆಕ್ಕ ಹಾಕಿರಲಿಲ್ಲ.

ಲೀಗ್ ಆರಿಸಿಕೊಂಡ ದಾರಿ

ಲೆಕ್ಕಾಚಾರ ಸರಳವಾಗಿತ್ತು. ಆಟಗಾರನನ್ನು ಬದಲಿಸಿದರೆ ಜನ ಟಿಕೆಟ್ ಕೊಳ್ಳುವುದಿಲ್ಲ. ರೆಫರಿಯನ್ನು ನೋಡಲೆಂದು ಯಾರೂ ಟಿಕೆಟ್ ಕೊಳ್ಳುವುದಿಲ್ಲ. ಟಿವಿ ಹಕ್ಕುಗಳನ್ನು 2011ರ ಡಿಸೆಂಬರ್‌ನಲ್ಲೇ 2022ರವರೆಗೆ ಮಾರಿ ಆಗಿತ್ತು. ಆಟ ಕೆಟ್ಟರೂ ಗಲ್ಲಾ ತುಂಬುತ್ತದೆ. ಜೊತೆಗೆ ಹಳೆಯ ಅನುಭವವೊಂದು ಧೈರ್ಯ ಕೊಟ್ಟಿತು. 2001ರಲ್ಲೂ ಹೀಗೇ ಬೀಗಮುದ್ರೆ ಹಾಕಿ, ಋತುವಿನ ಮೊದಲ ವಾರ ಬದಲಿ ರೆಫರಿಗಳಿಂದ ನಡೆಸಿದ್ದರು. ಸೆಪ್ಟೆಂಬರ್ 11ರ ದಾಳಿಯಿಂದ ಎರಡನೇ ವಾರದ ಪಂದ್ಯಗಳು ಮುಂದಕ್ಕೆ ಹೋಗಿ, ಅಷ್ಟರಲ್ಲಿ ಒಪ್ಪಂದವಾಯಿತು. ಒಂದೇ ವಾರ ಆಡಿಸಿ ಅನಾಹುತವಾಗದ್ದನ್ನು ಬದಲಿಗಳಿಂದಲೂ ನಡೆಯುತ್ತದೆ ಎಂಬುದಕ್ಕೆ ಪುರಾವೆ ಎಂದುಕೊಂಡದ್ದು ಈ ಪ್ರಕರಣದ ಮೊದಲ ಎಡವಟ್ಟು.

ಬದಲಿಗಳು ಎಲ್ಲಿಂದ ಬಂದರು ಎಂಬುದು ಮುಖ್ಯ. ದೊಡ್ಡ ಕಾಲೇಜು ಲೀಗ್‌ಗಳ ಅನುಭವಿಗಳು ಬರಲಿಲ್ಲ. ಆ ಲೀಗ್‌ಗಳ ರೆಫರಿ ವಿಭಾಗ ನೋಡಿಕೊಳ್ಳುವವರಲ್ಲಿ ಹಳೆಯ ಎನ್‌ಎಫ್‌ಎಲ್ ರೆಫರಿಗಳೇ ಇದ್ದರು, ಸಂಘದ ಬೆನ್ನಿಗೆ ನಿಂತರು. ಹೀಗಾಗಿ ಸಿಕ್ಕವರು ಸಣ್ಣ ಕಾಲೇಜು, ಹೈಸ್ಕೂಲು, ಒಳಾಂಗಣ ಲೀಗ್‌ಗಳ ಜನ. ಮೇಲಿನಿಂದ ಎರಡನೇ ಸಾಲು ಸಿಗುತ್ತದೆ ಎಂದು ಹೊರಟವರಿಗೆ ನಾಲ್ಕನೇ ಸಾಲು ಸಿಕ್ಕಿತು.

ಆಗಸ್ಟ್‌ನ ಅಭ್ಯಾಸ ಪಂದ್ಯಗಳು ಎಚ್ಚರಿಕೆಯ ಗಂಟೆ ಹೊಡೆದವು. ಮೊದಲನೆಯದರಲ್ಲೇ ನಾಣ್ಯ ಚಿಮ್ಮಿದಾಗ ಗೆದ್ದವರು ಯಾರೆಂದು ರೆಫರಿ ತಪ್ಪಾಗಿ ಘೋಷಿಸಿದರು. ಜನ ನಕ್ಕರು. ಲೀಗ್ ಕೂಡ ಅದನ್ನು ನಗೆಯ ವಿಷಯವೆಂದೇ ಬಿಟ್ಟಿತು. ಕಲಿಯುತ್ತಾರೆ, ಋತು ಶುರುವಾಗುವಷ್ಟರಲ್ಲಿ ಸರಿಹೋಗುತ್ತದೆ ಎಂಬ ನಂಬಿಕೆ.

ಏನು ಕೆಟ್ಟಿತು, ಯಾಕೆ ಕೆಟ್ಟಿತು

ಮೂರು ವಾರ, 48 ಪಂದ್ಯ. ತಪ್ಪುಗಳನ್ನು ಹರಡಿಕೊಂಡು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕಣ್ಣಿಗೆ ಮೋಸವಾಗಿ ಆದ ತಪ್ಪುಗಳಿಗಿಂತ ಲೆಕ್ಕ, ಜಾಗ, ಕ್ರಮ ತಪ್ಪಿದ್ದರಿಂದ ಆದವು ಹೆಚ್ಚು ಬೆಚ್ಚಿಬೀಳಿಸುವಂಥವು.

ಮೊದಲ ವಾರ, ಅರಿಜೋನಾದಲ್ಲಿ. ಪಂದ್ಯದ ಅರ್ಧವೊಂದಕ್ಕೆ ಒಂದು ತಂಡಕ್ಕೆ ಮೂರೇ ಟೈಮ್‌ಔಟ್, ಅಂದರೆ ಆಟ ನಿಲ್ಲಿಸುವ ಅವಕಾಶ. ಕೊನೆಯ ನಿಮಿಷದಲ್ಲಿ ಸಿಯಾಟಲ್ ಆಟಗಾರನೊಬ್ಬನಿಗೆ ಗಾಯವಾಯಿತು. ಕೊನೆಯ ಎರಡು ನಿಮಿಷಗಳಲ್ಲಿ ಗಾಯಕ್ಕೆ ಆಟ ನಿಂತರೆ ಅದು ಆ ತಂಡದ ಟೈಮ್‌ಔಟ್ ಲೆಕ್ಕಕ್ಕೇ ಬರಬೇಕು. ಎಸೆತ ನೆಲಕ್ಕೆ ಬಿದ್ದು ಗಡಿಯಾರ ಹೇಗೂ ನಿಂತಿದೆಯಲ್ಲ, ಹಾಗಾಗಿ ಲೆಕ್ಕಕ್ಕಿಲ್ಲ ಎಂದುಕೊಂಡು ರೆಫರಿ ನಾಲ್ಕನೆಯ ಟೈಮ್‌ಔಟ್ ಕೊಟ್ಟುಬಿಟ್ಟರು. ಪಂದ್ಯ ಮುಗಿದ ಮೇಲೆ ತಪ್ಪನ್ನು ಒಪ್ಪಿಕೊಂಡರು. ಅರಿಜೋನಾ 20–16ರಿಂದ ಗೆದ್ದದ್ದರಿಂದ ಬಚಾವ್.

ಮೂರನೇ ವಾರ ಮಿನ್ನೆಸೋಟಾದಲ್ಲಿ, ಟೈಮ್‌ಔಟ್ ಉಳಿಯದ ಸ್ಯಾನ್ ಫ್ರಾನ್ಸಿಸ್ಕೋ ಕೋಚ್‌ಗೆ ತೀರ್ಪನ್ನು ಪ್ರಶ್ನಿಸುವ ಅವಕಾಶ ಕೊಟ್ಟರು, ಅದೂ ಎರಡು ಸಲ. ಕೈಯಲ್ಲಿ ಟೈಮ್‌ಔಟ್ ಇಲ್ಲದವನು ಚಾಲೆಂಜ್ ಮಾಡುವಂತಿಲ್ಲ ಎಂಬುದು ಹೈಸ್ಕೂಲಿನಲ್ಲಿ ಬೇಕಾಗುವ ನಿಯಮವಲ್ಲ, ಅಲ್ಲಿ ರಿಪ್ಲೇ ಪದ್ಧತಿಯೇ ಬೇರೆ ಲೋಕದ್ದು. ಕೋಚ್ ಕೇಳಿದ, ಗೊತ್ತಿಲ್ಲದ ರೆಫರಿ ಕೊಟ್ಟರು.

ಅದೇ ದಿನ ಟೆನೆಸ್ಸಿಯಲ್ಲಿ ಆದದ್ದು ಪಾಠಕ್ಕೆ ತಕ್ಕ ಉದಾಹರಣೆ, ಸ್ವಲ್ಪ ನಿಂತು ನೋಡಬೇಕು. ಡೆಟ್ರಾಯಿಟ್ ವಿರುದ್ಧ ಪಂದ್ಯ ಸಮವಾಗಿ ಹೆಚ್ಚುವರಿ ಅವಧಿಗೆ ಹೋಗಿತ್ತು. ಟೆನೆಸ್ಸಿ ತನ್ನ 44 ಗಜದ ಗೆರೆಯಿಂದ ಎಸೆಯಿತು. ಹಿಡಿದ ಎಂದು ತೀರ್ಪು, ಜೊತೆಗೆ ಡೆಟ್ರಾಯಿಟ್ ಆಟಗಾರ ತಲೆಗೆ ಗುದ್ದಿದ್ದಕ್ಕೆ 15 ಗಜದ ದಂಡ. ರಿಪ್ಲೇ ನೋಡಿ ಹಿಡಿತ ರದ್ದಾಯಿತು. ಹಿಡಿತ ರದ್ದಾದರೆ ಆಟ ಶುರುವಾದ ಜಾಗಕ್ಕೆ, ಅಂದರೆ ಟೆನೆಸ್ಸಿಯ 44ಕ್ಕೆ ಬಂದು ಅಲ್ಲಿಂದ 15 ಗಜ ಅಳೆಯಬೇಕು. ಮೈದಾನದಲ್ಲಿ 44 ಗಜದ ಗೆರೆ ಎರಡು ಇವೆ, ಒಂದೊಂದು ಬದಿಗೆ ಒಂದೊಂದು. ಅಧಿಕಾರಿಗಳು ಡೆಟ್ರಾಯಿಟ್ ಬದಿಯ 44ರಿಂದ ಅಳೆದರು. 15 ಗಜದ ದಂಡ 27 ಗಜವಾಗಿ ಚೆಂಡು ಡೆಟ್ರಾಯಿಟ್‌ನ 29ಕ್ಕೆ ಬಂದು ಕೂತಿತು. ಏಳು ಜನರಲ್ಲಿ ಒಬ್ಬರೂ ತಡೆಯಲಿಲ್ಲ. ಟೆನೆಸ್ಸಿ ಅಲ್ಲಿಂದ ಮುಂದುವರಿದು ಫೀಲ್ಡ್ ಗೋಲ್ (ಒದ್ದು ಗಳಿಸುವ ಮೂರು ಅಂಕ) ಹೊಡೆಯಿತು, 44–41ಕ್ಕೆ ಗೆದ್ದಿತು.

ಇಂಥದ್ದು ಅನುಭವಿ ತಂಡದಲ್ಲಿ ಯಾಕಾಗುವುದಿಲ್ಲ? ಅವರ ಕಣ್ಣು ಚುರುಕು ಎಂದಲ್ಲ. ಪ್ರತಿ ಆಟಕ್ಕೂ ಮುಂಚೆ ಎಷ್ಟನೇ ಪ್ರಯತ್ನ, ಯಾವ ಗೆರೆ, ಯಾವ ಬದಿ ಎಂದು ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳುವವರು ಇರುತ್ತಾರೆ. ದಂಡ ಅಳೆಯುವಾಗ ಒಬ್ಬ ಹೆಜ್ಜೆ ಹಾಕಿದರೆ ಇನ್ನೊಬ್ಬ ಬೇರೆಯಾಗಿ ಲೆಕ್ಕ ಹಾಕುತ್ತಾನೆ. ಏಳೂ ಜನ ಋತುವಿಡೀ ಒಂದೇ ತಂಡವಾಗಿ ಓಡಾಡುವುದರಿಂದ, ಬಿಳಿ ಟೋಪಿಯವರು ತಪ್ಪಿದರೆ ತೋಳು ಹಿಡಿದು ನಿಲ್ಲಿಸುವ ಸಲುಗೆ ಇರುತ್ತದೆ. ಹಿಂದಿನ ತಿಂಗಳು ಪರಿಚಯವಾದವರ ನಡುವೆ ಆ ಸಲುಗೆ ಎಲ್ಲಿಂದ ಬರಬೇಕು?

ಎರಡನೆಯದು ಅಂಜಿಕೆ. ತಿಂಗಳ ಹಿಂದೆ ಹೈಸ್ಕೂಲು ಹುಡುಗರನ್ನು ಆಡಿಸುತ್ತಿದ್ದವರ ಮುಂದೆ ಈಗ ದೇಶವೇ ಬಲ್ಲ ಕೋಚ್‌ಗಳು ನಿಂತು ಕಿರುಚುತ್ತಿದ್ದರು. ಕಿರುಚಿದರೆ ಪ್ರಯೋಜನವಿದೆ ಎಂದು ಅವರಿಗೆ ಮೊದಲ ವಾರದಲ್ಲೇ ಗೊತ್ತಾಯಿತು. ಆಟಗಾರರಿಗೂ ಗೊತ್ತಾಯಿತು, ಆಟ ಮುಗಿದ ಮೇಲೂ ತಳ್ಳಾಟ, ಸೀಟಿಯ ನಂತರದ ಗುದ್ದು. ಎರಡನೇ ವಾರದ ಡೆನ್ವರ್–ಅಟ್ಲಾಂಟಾ ಪಂದ್ಯದ ಮೊದಲ ಕಾಲು ಭಾಗವೇ ಒಂದು ಗಂಟೆ ಮೀರಿತು. ಮೂರನೇ ವಾರದ ಭಾನುವಾರ ಬಾಲ್ಟಿಮೋರ್‌ನಲ್ಲಿ ಸೋತ ನ್ಯೂ ಇಂಗ್ಲೆಂಡ್ ಕೋಚ್, ಪಂದ್ಯ ಮುಗಿದೊಡನೆ ಅಧಿಕಾರಿಯೊಬ್ಬರ ತೋಳಿಗೇ ಕೈಹಾಕಿದರು. 50,000 ಡಾಲರ್ ದಂಡ ಬಿತ್ತು. ಅದೇ ದಿನ ಓಕ್ಲಂಡ್‌ನಲ್ಲಿ ಹೆಲ್ಮೆಟ್‌ಗೆ ಹೆಲ್ಮೆಟ್ ಬಡಿದು ಆಟಗಾರನೊಬ್ಬ ಸ್ಟ್ರೆಚರ್ ಮೇಲೆ ಹೋದ, ತಪ್ಪೆಂದು ಸಾರಲು ಅಧಿಕಾರಿಗಳು ಎಸೆಯುವ ಬಾವುಟ ಬೀಳಲೇ ಇಲ್ಲ. ತಲೆಗಾಯದ ವಿಚಾರದಲ್ಲಿ ಮಾಜಿ ಆಟಗಾರರು ಕೋರ್ಟು ಹತ್ತಿದ್ದ ಹೊತ್ತಿನಲ್ಲಿ, ಸುರಕ್ಷತೆಯೇ ಮೊದಲು ಎನ್ನುತ್ತಿದ್ದ ಲೀಗ್‌ಗೆ ಇದು ನಿಜವಾದ ಏಟು. ಅಂಕದ ತಪ್ಪಿಗಿಂತ ಇದೇ ದೊಡ್ಡದು. ಆದರೆ ಜನ ರೊಚ್ಚಿಗೆದ್ದದ್ದು ಅಂಕಕ್ಕೆ.

ಹಿತಾಸಕ್ತಿ ತಪಾಸಣೆಯೂ ಸಡಿಲವಾಗಿತ್ತು. ನ್ಯೂ ಆರ್ಲಿಯನ್ಸ್ ಪಂದ್ಯಕ್ಕೆ ನೇಮಕವಾದ ಅಧಿಕಾರಿಯೊಬ್ಬರು ಆ ತಂಡದ ಅಭಿಮಾನಿ ಎಂದು ಅವರ ಫೇಸ್‌ಬುಕ್ ಚಿತ್ರಗಳೇ ಸಾರುತ್ತಿದ್ದವು. ಪಂದ್ಯಕ್ಕೆ ಕೆಲವೇ ಗಂಟೆ ಇರುವಾಗ ಅವರನ್ನು ಕೈಬಿಟ್ಟರು.

ಲೀಗ್ ಏನೂ ಮಾಡಲಿಲ್ಲ ಎನ್ನುವಂತಿಲ್ಲ. ರೆಫರಿಗಳ ಮೇಲೆ ಏರಿಹೋಗಬೇಡಿ ಎಂದು ತಂಡಗಳಿಗೆ ಎಚ್ಚರಿಕೆ ಕೊಟ್ಟಿತು, ನಿಯಮದ ಗೊಂದಲ ಬಿಡಿಸಲು ತನ್ನ ಮೇಲ್ವಿಚಾರಕರನ್ನು ಪಂದ್ಯಗಳಿಗೆ ಕಳಿಸಿತು. ತೇಪೆ ಹಾಕಿದ್ದು ಸರಿಯಾದ ಜಾಗಕ್ಕೇ. ಆದರೆ 27 ಗಜದ ತಪ್ಪು ಆ ತೇಪೆಯನ್ನೂ ದಾಟಿಹೋಯಿತು.

ಸೋಮವಾರ ರಾತ್ರಿಯ ಎಂಟು ಸೆಕೆಂಡು

2012ರ ಸೆಪ್ಟೆಂಬರ್ 24, ಸಿಯಾಟಲ್. ಗ್ರೀನ್ ಬೇ ಪ್ಯಾಕರ್ಸ್ 12–7ರಿಂದ ಮುಂದಿತ್ತು. ಎಂಟು ಸೆಕೆಂಡು ಬಾಕಿ, ಸಿಯಾಟಲ್‌ನ ಸೀಹಾಕ್ಸ್‌ಗೆ ನಾಲ್ಕನೆಯ, ಅಂದರೆ ಕೊನೆಯ ಪ್ರಯತ್ನ, ಅಂಕದ ಗೆರೆ 24 ಗಜ ದೂರ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಆ ಗೆರೆಯಾಚೆಯ ಎಂಡ್ ಝೋನ್‌ಗೆ ಮೇಲಕ್ಕೆ ಎಸೆದ. ಸಿಯಾಟಲ್ ರಿಸೀವರ್ (ಎಸೆತ ಹಿಡಿಯುವವ) ಮೊದಲು ತನ್ನ ಮುಂದಿದ್ದ ರಕ್ಷಕನನ್ನು ಎರಡೂ ಕೈಯಿಂದ ಬೆನ್ನಿಗೆ ತಳ್ಳಿದ. ಬಾವುಟ ಬೀಳಬೇಕಿತ್ತು, ಬೀಳಲಿಲ್ಲ. ಆಮೇಲೆ ಗುಂಪು ಹಾರಿತು. ಪ್ಯಾಕರ್ಸ್‌ನ ಇನ್ನೊಬ್ಬ ರಕ್ಷಕ ಎಲ್ಲರಿಗಿಂತ ಮೇಲೆ ಚೆಂಡನ್ನು ಹಿಡಿದು ಎದೆಗೆ ಒತ್ತಿಕೊಂಡ. ರಿಸೀವರ್ ಅದರೊಳಗೆ ಕೈ ತೂರಿಸಿದ್ದ. ಇಬ್ಬರೂ ಚೆಂಡು ಸಮೇತ ನೆಲಕ್ಕೆ ಉರುಳಿದರು.

ಇಬ್ಬರು ಅಧಿಕಾರಿಗಳು ಓಡಿ ಬಂದರು. ಒಬ್ಬರು ಎರಡೂ ಕೈ ನೇರ ಮೇಲೆತ್ತಿದರು: ಟಚ್‌ಡೌನ್, ಅಂದರೆ ಆರು ಅಂಕ. ಪಕ್ಕದಲ್ಲೇ ನಿಂತ ಇನ್ನೊಬ್ಬರು ಅದೇ ಗಳಿಗೆಯಲ್ಲಿ ತಲೆಯ ಮೇಲೆ ಕೈ ಬೀಸಿದರು: ಸಮಯ ನಿಲ್ಲಿಸಿ. ಆ ಚಿತ್ರ ಮರುದಿನ ಎಲ್ಲ ಪತ್ರಿಕೆಗಳಲ್ಲಿ ಬಂತು.

ತಿರುವು ಇರುವುದು ಇಲ್ಲೇ. ಇಬ್ಬರು ಒಂದೇ ಆಟವನ್ನು ನೋಡುತ್ತಿದ್ದಾಗ ಮೊದಲು ಒಬ್ಬರ ಕಣ್ಣು ಒಬ್ಬರು ನೋಡಬೇಕು, ಅನುಮಾನವಿದ್ದರೆ ಮಾತಾಡಬೇಕು, ಆಮೇಲೆ ಕೈ ಎತ್ತಬೇಕು. ಒಂದೆರಡು ಸೆಕೆಂಡಿನ ಕೆಲಸ. ನಿಯಮದ ಪ್ರಕಾರ ಇಬ್ಬರೂ ಒಟ್ಟಿಗೆ ಹಿಡಿದರೆ ಚೆಂಡು ಎಸೆದ ತಂಡದ್ದು. ಒಬ್ಬ ಮೊದಲು ಹಿಡಿತ ಸಾಧಿಸಿ ಇನ್ನೊಬ್ಬ ಆಮೇಲೆ ಕೈಹಾಕಿದರೆ ಅದು ಒಟ್ಟಿಗೆ ಹಿಡಿದಂತಲ್ಲ. ಯಾರು ಮೊದಲು ಎಂಬುದನ್ನು ಮಾತಾಡಿ ತೀರ್ಮಾನಿಸುವ ಮುಂಚೆಯೇ ಕೈ ಮೇಲೆದ್ದಿತ್ತು. ಕೈ ಎದ್ದ ಮೇಲೆ ರಿಪ್ಲೇಗೆ ಉಳಿಯುವ ಕೆಲಸ ಕಡಿಮೆ. ಅದು ಹೊಸದಾಗಿ ತೀರ್ಪು ಕೊಡುವುದಿಲ್ಲ, ಕೊಟ್ಟ ತೀರ್ಪು ತಪ್ಪು ಎಂಬುದಕ್ಕೆ ಎರಡು ಮಾತಿಲ್ಲದ ಸಾಕ್ಷ್ಯ ಇದೆಯೇ ಎಂದಷ್ಟೇ ನೋಡುತ್ತದೆ. ಬಿಳಿ ಟೋಪಿಯವರು ಪರದೆ ನೋಡಿ ಬಂದು ತೀರ್ಪು ಎತ್ತಿಹಿಡಿದರು. ಮೊದಲ ಸಂಜ್ಞೆ ‘ಇಂಟರ್‌ಸೆಪ್ಷನ್’ (ಎಸೆತವನ್ನು ಎದುರಾಳಿ ಹಿಡಿದ) ಎಂದಾಗಿದ್ದರೆ ಬಹುಶಃ ಅದೂ ಹಾಗೇ ಉಳಿಯುತ್ತಿತ್ತು. ತಳ್ಳಿದ ತಪ್ಪಂತೂ ರಿಪ್ಲೇಯಲ್ಲಿ ನೋಡುವಂತೆಯೇ ಇರಲಿಲ್ಲ.

ಅಷ್ಟರಲ್ಲಿ ತಂಡಗಳು ಡ್ರೆಸಿಂಗ್ ರೂಮಿಗೆ ಹೋಗಿಬಿಟ್ಟಿದ್ದವು. ಟಚ್‌ಡೌನ್ ನಂತರದ ಒಂದು ಅಂಕದ ಒದೆತಕ್ಕಾಗಿ ಅವರನ್ನು ಮತ್ತೆ ಮೈದಾನಕ್ಕೆ ಕರೆಸಬೇಕಾಯಿತು. 14–12. ಪ್ಯಾಕರ್ಸ್ ಮೇಲೆ ಹೆಚ್ಚು ಬಾಜಿ ಕಟ್ಟಿದ್ದ ರಾತ್ರಿ ಅದು. ಆ ಒಂದು ತೀರ್ಪಿನಿಂದ ಕೈ ಬದಲಿಸಿದ ಹಣ 15 ಕೋಟಿ ಡಾಲರ್‌ಗೂ ಹೆಚ್ಚು ಎಂಬ ಅಂದಾಜು ಆಗ ಹೊರಬಿತ್ತು.

ಮರುದಿನ ಲೀಗ್ ಹೇಳಿಕೆ ಕೊಟ್ಟಿತು. ರಿಸೀವರ್ ತಳ್ಳಿದ್ದಕ್ಕೆ ದಂಡ ಹಾಕಬೇಕಿತ್ತು, ಹಾಕಿದ್ದರೆ ಪಂದ್ಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ರಿಪ್ಲೇ ತೀರ್ಮಾನ ಸರಿ, ಫಲಿತಾಂಶ ಅಂತಿಮ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುವುದು ಇಂಥ ಹೊತ್ತಿಗೆ. ಅಧ್ಯಕ್ಷ ಒಬಾಮ ಕೂಡ ಜಗಳ ಬೇಗ ಮುಗಿಯಲಿ ಎಂದು ಟ್ವೀಟ್ ಮಾಡಿದರು. ಅದಕ್ಕಿಂತ ರುಚಿಕಟ್ಟಾದದ್ದು ವಿಸ್ಕಾನ್ಸಿನ್ ಗವರ್ನರ್ ಸ್ಕಾಟ್ ವಾಕರ್ ಮಾತು. ಹಿಂದಿನ ವರ್ಷವಷ್ಟೇ ಸರ್ಕಾರಿ ನೌಕರರ ಸಂಘಗಳ ಚೌಕಾಸಿ ಹಕ್ಕನ್ನು ಮೊಟಕುಗೊಳಿಸಿ ದೇಶವಿಡೀ ಸುದ್ದಿಯಾಗಿದ್ದವರು, ತಮ್ಮ ರಾಜ್ಯದ ಪ್ಯಾಕರ್ಸ್ ಸೋತ ಬೆಳಿಗ್ಗೆ ಸಂಘದ ರೆಫರಿಗಳನ್ನು ವಾಪಸ್ ತನ್ನಿ ಎಂದರು.

ಒಪ್ಪಂದ

ಮಾತುಕತೆ ಸೋಮವಾರಕ್ಕೂ ಮುಂಚೆ ನಡೆದೇ ಇತ್ತು, ಫೆಡರಲ್ ಸಂಧಾನಕಾರರೂ ಜೊತೆಗಿದ್ದರು. ಆ ರಾತ್ರಿ ಕುಂಟುತ್ತಿದ್ದದ್ದನ್ನು ಓಡಿಸಿತು. ಸೆಪ್ಟೆಂಬರ್ 26ರ ತಡರಾತ್ರಿ ಎಂಟು ವರ್ಷದ ಒಪ್ಪಂದ ಘೋಷಣೆಯಾಯಿತು. ಸಂಘದ ಮತದಾನ ಬಾಕಿ ಇದ್ದರೂ ಮರುದಿನದ ಬಾಲ್ಟಿಮೋರ್ ಪಂದ್ಯಕ್ಕಾಗಿ ಕಮಿಷನರ್ ರೋಜರ್ ಗುಡೆಲ್ ಬೀಗಮುದ್ರೆಯನ್ನು ತಾತ್ಕಾಲಿಕವಾಗಿ ತೆಗೆದರು. ರೆಫರಿಗಳು ಮೈದಾನಕ್ಕೆ ಇಳಿದಾಗ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಂಥ ಸ್ವಾಗತ ಯಾವ ರೆಫರಿಯೂ ಹಿಂದೆ ಕಂಡದ್ದಲ್ಲ, ಮುಂದೆ ಕಾಣುವುದೂ ಅನುಮಾನ. ಎರಡು ದಿನದ ನಂತರ ಸಂಘ 112–5 ಮತಗಳಿಂದ ಒಪ್ಪಿತು.

ಷರತ್ತುಗಳನ್ನು ಓದಿದರೆ ಗಂಟು ಬಿಚ್ಚಿದ್ದು ಹೇಗೆಂದು ತಿಳಿಯುತ್ತದೆ. ಈಗಿರುವವರಿಗೆ ಹಳೆಯ ಪಿಂಚಣಿ 2016ರ ಋತುವಿನವರೆಗೆ ಇಲ್ಲವೇ 20 ವರ್ಷದ ಸೇವೆ ತುಂಬುವವರೆಗೆ ಮುಂದುವರಿಯುತ್ತದೆ, ಆಮೇಲೆ ಸ್ಥಗಿತ. ಹೊಸಬರಿಗೆ ಮೊದಲ ದಿನದಿಂದಲೇ 401(ಕೆ). ಸರಾಸರಿ ಸಂಬಳ 2013ಕ್ಕೆ 1,73,000, 2019ಕ್ಕೆ 2,05,000 ಡಾಲರ್. ಲೀಗ್‌ಗೆ ಕೆಲವರನ್ನು ಪೂರ್ಣಾವಧಿಗೆ ತೆಗೆದುಕೊಳ್ಳುವ ಹಕ್ಕು, ತರಬೇತಿಗೆ ಹೆಚ್ಚುವರಿ ಜನರನ್ನು ಇಟ್ಟುಕೊಳ್ಳುವ ಹಕ್ಕು. ತತ್ವ ಗೆದ್ದದ್ದು ಲೀಗ್, ಕಾಲಾವಕಾಶ ಗೆದ್ದದ್ದು ರೆಫರಿಗಳು. ಹಳಬರಿಗೆ ಒಂದು, ಹೊಸಬರಿಗೆ ಒಂದು ಎಂಬ ಈ ಸೂತ್ರ ಜೂನ್‌ನಲ್ಲೂ ಮೇಜಿನ ಮೇಲೆ ಇಡಬಹುದಾಗಿದ್ದದ್ದೇ.

ಫಲಿತಾಂಶ ಮಾತ್ರ ಬದಲಾಗಲಿಲ್ಲ. ಋತುವಿನ ಕೊನೆಗೆ ಪ್ಯಾಕರ್ಸ್ 11 ಗೆಲುವು 5 ಸೋಲು, ಸ್ಯಾನ್ ಫ್ರಾನ್ಸಿಸ್ಕೋ 11 ಗೆಲುವು 4 ಸೋಲು 1 ಸಮ. ಸಿಯಾಟಲ್‌ನಲ್ಲಿ ಆ ಒಂದು ಗೆಲುವು ಸಿಕ್ಕಿದ್ದರೆ ನಾಕೌಟ್ ಹಂತಕ್ಕೆ ಎರಡನೇ ಶ್ರೇಯಾಂಕ, ಒಂದು ವಾರದ ವಿಶ್ರಾಂತಿ ಪ್ಯಾಕರ್ಸ್‌ಗೆ ಸಿಗುತ್ತಿತ್ತು. ಸಿಗಲಿಲ್ಲ. ಜನವರಿಯಲ್ಲಿ ಪ್ಯಾಕರ್ಸ್ ಸ್ಯಾನ್ ಫ್ರಾನ್ಸಿಸ್ಕೋದ ತವರಿಗೇ ಹೋಗಿ 45–31ರಿಂದ ಸೋತು ಮನೆಗೆ ಮರಳಿತು.

ಈ ಪ್ರಕರಣದಿಂದ ತಿಳಿಯುವುದು

ಲೀಗ್ ನಡೆಸುವವರಿಗೆ ಮೊದಲ ಕೆಲಸ, ತಪ್ಪುಗಳನ್ನು ಎರಡು ಪುಟಗಳಲ್ಲಿ ಬರೆದಿಡುವುದು. ಹಿಡಿದನೇ ಇಲ್ಲವೇ, ತಳ್ಳಿದನೇ ಇಲ್ಲವೇ ಎಂಬ ಕಣ್ಣಳತೆಯ ತಪ್ಪುಗಳು ಒಂದರಲ್ಲಿ. ಟೈಮ್‌ಔಟ್ ಲೆಕ್ಕ, ದಂಡದ ಜಾಗ, ಗಡಿಯಾರ, ಚಾಲೆಂಜ್ ಹಕ್ಕಿನಂಥ ಆಡಳಿತದ ತಪ್ಪುಗಳು ಇನ್ನೊಂದರಲ್ಲಿ. ಮೊದಲನೆಯವು ಎಷ್ಟು ಅನುಭವಿಗಳಾದರೂ ಪೂರಾ ಹೋಗುವುದಿಲ್ಲ. ಎರಡನೆಯವು ಅನುಭವಿ ತಂಡದಲ್ಲಿ ಅಪರೂಪ. ಎರಡನೇ ಪುಟ ಒಂದೇ ವಾರದಲ್ಲಿ ತುಂಬತೊಡಗಿದರೆ ಜನ ಕಲಿಯುತ್ತಾರೆ ಎಂದು ಕಾಯುವುದರಲ್ಲಿ ಅರ್ಥವಿಲ್ಲ. 2012ರಲ್ಲಿ ಮೊದಲ ವಾರದ ನಾಲ್ಕನೇ ಟೈಮ್‌ಔಟ್ ಇಂಥ ಸೂಚನೆ. ಸೋತವರೇ ಆ ಲಾಭ ಪಡೆದದ್ದರಿಂದ ಅದು ಮರೆತುಹೋಯಿತು.

ಸಂಘಗಳಿಗೂ ಒಂದು ಮಾತಿದೆ. ಸಾಲಾಗಿ ಹೊಸಬರನ್ನು ತಯಾರು ಮಾಡುವ ಬೇಡಿಕೆಯನ್ನು ಪಿಂಚಣಿ ಜಗಳದ ಜೊತೆ ಒಂದೇ ಗಂಟಿಗೆ ಕಟ್ಟಲು ಬಿಟ್ಟದ್ದರಿಂದ, ತೀರ್ಪಿನ ಗುಣಮಟ್ಟ ಬೇಡವಾದವರು ರೆಫರಿಗಳೇ ಎಂದು ಬೇಸಿಗೆಯುದ್ದಕ್ಕೂ ಹೇಳಿಸಿಕೊಳ್ಳಬೇಕಾಯಿತು. ಅದನ್ನು ಬೇರೆಯಾಗಿ, ಮೊದಲೇ ಒಪ್ಪಿದ್ದರೆ ಲೀಗ್‌ನ ಕೈಯಲ್ಲಿ ಆ ವಾದ ಉಳಿಯುತ್ತಿರಲಿಲ್ಲ.

ಇನ್ನು, ಸಂಬಳ ಹೆಚ್ಚಿದರೆ ತೀರ್ಪು ಸರಿಹೋಗುತ್ತದೆ ಎಂದು ಈ ಪ್ರಕರಣವನ್ನು ಉದಾಹರಿಸುವವರು 2019ರ ಜನವರಿ 20ನ್ನೂ ನೋಡಬೇಕು. ನ್ಯೂ ಆರ್ಲಿಯನ್ಸ್‌ನಲ್ಲಿ, ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ಗೆ ಹೋಗುವ ಪಂದ್ಯ. ಚೆಂಡು ತಲುಪುವ ಮೊದಲೇ ಲಾಸ್ ಏಂಜಲೀಸ್ ರಕ್ಷಕ ರಿಸೀವರ್‌ಗೆ ಗುದ್ದಿದ, ಬಾವುಟ ಬೀಳಲಿಲ್ಲ, ಆತಿಥೇಯರು ಹೆಚ್ಚುವರಿ ಅವಧಿಯಲ್ಲಿ ಸೋತರು. ಮೈದಾನದಲ್ಲಿದ್ದವರು ಬದಲಿಗಳಲ್ಲ, ಸಂಘದವರೇ. ಆ ಬಗೆಯ ತಪ್ಪನ್ನು ರಿಪ್ಲೇಗೆ ತರುವ ನಿಯಮ 2019ರ ಋತುವಿಗೆ ಬಂತು, ಒಂದೇ ವರ್ಷಕ್ಕೆ ಕೈಬಿಟ್ಟರು. ಅದೇ 2019ರಲ್ಲಿ, ಹಳೆಯ ಒಪ್ಪಂದದ ಅವಧಿ ಇನ್ನೂ ತಿಂಗಳುಗಟ್ಟಲೆ ಬಾಕಿ ಇರುವಾಗಲೇ, ಲೀಗ್ ಮತ್ತು ಸಂಘ ಕೂತು 2025ರ ಋತುವಿನವರೆಗಿನ ಹೊಸ ಒಪ್ಪಂದಕ್ಕೆ ಸಹಿ ಹಾಕಿದವು.